ಲೀಸ್ ಕಂ ಸೇಲ್ ನಿವೇಶನಕ್ಕೆ ಶುದ್ಧ ಕ್ರಯಪತ್ರ: ದಾವಣಗೆರೆಯವರು ತಿಳಿದಿರಬೇಕಾದದ್ದು

ಮನೆ ಕಟ್ಟಿ ಇಪ್ಪತ್ತು ವರ್ಷವಾಗಿರುತ್ತದೆ. ಕಂದಾಯದ ರಸೀದಿ, ಕರೆಂಟ್ ಬಿಲ್ಲು, ನಲ್ಲಿ ಕನೆಕ್ಷನ್ನು, ಖಾತೆ ಎಲ್ಲವೂ ನಿಮ್ಮ ಹೆಸರಿನಲ್ಲೇ ಇರುತ್ತವೆ. ಆದರೆ ಬೀರುವಿನಲ್ಲಿಟ್ಟ ಮೂಲ ಪತ್ರದ ತಲೆಬರಹ ಓದಿ ನೋಡಿ: ‘ಗುತ್ತಿಗೆ ಮತ್ತು ಮಾರಾಟ ಕರಾರು ಪತ್ರ’. ನಾವು ಬಾಯಿಮಾತಿನಲ್ಲಿ ಲೀಸ್ ಕಂ ಸೇಲ್ ಅನ್ನುವುದು ಇದನ್ನೇ. ಇದೊಂದೇ ಪತ್ರ ಇದ್ದರೆ ಕಾನೂನಿನ ಲೆಕ್ಕದಲ್ಲಿ ಜಾಗದ ಮಾಲೀಕರು ಇನ್ನೂ ನಿವೇಶನ ಹಂಚಿದ ನಗರಾಭಿವೃದ್ಧಿ ಪ್ರಾಧಿಕಾರವೇ, ನೀವು ಗುತ್ತಿಗೆದಾರರು.

‘ಹತ್ತು ವರ್ಷ ಆದ್ಮೇಲೆ ತಾನಾಗೇ ನಮ್ಮದಾಗುತ್ತೆ’ ಎಂಬ ನಂಬಿಕೆ ಊರಿನಲ್ಲಿ ಗಟ್ಟಿಯಾಗಿ ಬೇರೂರಿದೆ. ಅದು ತಪ್ಪು. 1882ರ ಸ್ವತ್ತು ಹಸ್ತಾಂತರ ಕಾಯ್ದೆಯ 54ನೇ ಕಲಂ ಪ್ರಕಾರ ನೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಪತ್ರದಿಂದಲೇ ಆಗಬೇಕು. ಮುಂದೆ ಮಾರುತ್ತೇವೆ ಎಂಬ ಕರಾರು ಅಷ್ಟರಿಂದಲೇ ಜಾಗದಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ ಎಂದೂ ಅದೇ ಕಲಂ ಹೇಳುತ್ತದೆ. ಗುತ್ತಿಗೆಯ ಹತ್ತು ವರ್ಷ ತುಂಬಿದರೆ ಕ್ರಯಪತ್ರ ಕೇಳುವ ಅರ್ಹತೆ ಬರುತ್ತದೆ, ಅಷ್ಟೆ. ಅರ್ಜಿ ಹಾಕಿ, ಷರತ್ತು ಪೂರೈಸಿದ್ದು ತೋರಿಸಿ, ಪ್ರಾಧಿಕಾರದಿಂದ ಶುದ್ಧ ಕ್ರಯಪತ್ರ (ಜಾಗವನ್ನು ಪೂರ್ತಿಯಾಗಿ ನಿಮಗೆ ಮಾರಿದ ಪತ್ರ) ಬರೆಸಿ, ನೋಂದಣಿ ಮಾಡಿಸಿದ ದಿನವೇ ಜಾಗ ನಿಮ್ಮದು. ಖಾತೆಯೂ ಮಾಲೀಕತ್ವದ ದಾಖಲೆಯಲ್ಲ. ಕಂದಾಯ ಯಾರು ಕಟ್ಟಬೇಕು ಎಂದು ತೋರಿಸುವ ದಾಖಲೆ ಅದು.

ಮೊದಲು ಒಂದು ಪದದ ಗೊಂದಲ ಬಿಡಿಸಿಬಿಡಬೇಕು. ಅಂತರ್ಜಾಲದಲ್ಲಿ ಹುಡುಕಿದರೆ ‘ಲೀಸ್‌ಹೋಲ್ಡ್‌ನಿಂದ ಫ್ರೀಹೋಲ್ಡ್ ಕನ್ವರ್ಷನ್’ ಎಂದು ಸಿಗುವುದೆಲ್ಲ ಹೆಚ್ಚಾಗಿ ದೆಹಲಿ ಕಡೆಯ ಪದ್ಧತಿ. ಅಲ್ಲಿ 99 ವರ್ಷದ ಅಥವಾ ಶಾಶ್ವತ ಗುತ್ತಿಗೆಯ ಜಾಗಕ್ಕೆ ಪರಿವರ್ತನಾ ಶುಲ್ಕ ಕಟ್ಟಿ ಮಾಲೀಕತ್ವ ಪಡೆಯುತ್ತಾರೆ. ಆ ಪದ ಹಿಡಿದುಕೊಂಡು ಇಲ್ಲಿನ ಕಚೇರಿಯಲ್ಲಿ ‘ಕನ್ವರ್ಷನ್ ಆಗಬೇಕಿತ್ತು’ ಎಂದರೆ, ಕೃಷಿ ಜಮೀನನ್ನು ಕೃಷಿಯೇತರ ಮಾಡುವ ಭೂ ಪರಿವರ್ತನೆ ಎಂದು ತಿಳಿದು ಜಿಲ್ಲಾಧಿಕಾರಿ ಕಚೇರಿಗೆ ಕಳಿಸುತ್ತಾರೆ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಆ ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ. ನೀವು ಕೇಳಬೇಕಾದದ್ದು ‘ಶುದ್ಧ ಕ್ರಯಪತ್ರ’. ಅರ್ಜಿಯ ವಿಷಯದ ಸಾಲಿನಲ್ಲೂ ಅದೇ ಪದ ಬರೆಯಿರಿ.

ಈ ದಾರಿ ಎಲ್ಲಾ ಗುತ್ತಿಗೆ ಜಾಗಕ್ಕೂ ಇಲ್ಲ. ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ನಮ್ಮ ದೂಡಾ, ಹಂಚಿದ ವಾಸದ ನಿವೇಶನಗಳು, ಗೃಹ ಮಂಡಳಿಯ ಮನೆ ಮತ್ತು ನಿವೇಶನಗಳು, ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಪ್ಲಾಟುಗಳು ಇದರೊಳಗೆ ಬರುತ್ತವೆ. ಚಿತ್ರದುರ್ಗದವರಿಗೆ ಅಲ್ಲಿನದೇ ನಗರಾಭಿವೃದ್ಧಿ ಪ್ರಾಧಿಕಾರವಿದೆ. ಮೂಲೆ ನಿವೇಶನ ಅಥವಾ ಬಿಡಿ ನಿವೇಶನವನ್ನು ಹರಾಜಿನಲ್ಲಿ ಹಿಡಿದವರಿಗೆ ಸಾಮಾನ್ಯವಾಗಿ ನೇರ ಕ್ರಯಪತ್ರವೇ ಆಗಿರುತ್ತದೆ, ಒಮ್ಮೆ ತೆಗೆದು ನೋಡಿಕೊಳ್ಳಿ. ಆದರೆ ಶಾಲೆ, ಆಸ್ಪತ್ರೆ, ಸಮುದಾಯ ಭವನಕ್ಕೆಂದು 30 ವರ್ಷಕ್ಕೆ ಗುತ್ತಿಗೆ ಕೊಡುವ ನಾಗರಿಕ ಸೌಲಭ್ಯ ನಿವೇಶನ, ಅಂದರೆ ಸಿಎ ಸೈಟು, ಎಷ್ಟೇ ವರ್ಷವಾದರೂ ಈ ದಾರಿಯಲ್ಲಿ ಸ್ವಂತವಾಗುವುದಿಲ್ಲ. ಪಾಲಿಕೆಯ ಮಳಿಗೆ, ಮುಜರಾಯಿ ದೇವಸ್ಥಾನದ ಜಾಗ, ವಕ್ಫ್ ಆಸ್ತಿಯ ಬಾಡಿಗೆದಾರರಿಗೂ ಇದು ಅನ್ವಯಿಸದು. ಇಂಥ ಜಾಗವನ್ನು ‘ಸ್ವಲ್ಪ ದಿನದಲ್ಲಿ ಕ್ರಯ ಮಾಡಿಸಿಕೊಡ್ತೀವಿ’ ಎಂದು ಯಾರಾದರೂ ಮಾರಲು ಬಂದರೆ ಮುಂಗಡವನ್ನೂ ಕೊಡಬೇಡಿ.

ಕಚೇರಿಗೆ ಹೋಗುವ ಮುಂಚೆ ಕರಾರನ್ನು ಒಂದು ಮಧ್ಯಾಹ್ನ ಕೂತು ಪೂರ್ತಿ ಓದಬೇಕು. ನಾಲ್ಕು ಸಂಗತಿಗಳ ಕೆಳಗೆ ಪೆನ್ಸಿಲ್ ಗೆರೆ ಎಳೆದುಕೊಳ್ಳಿ. ಅವಧಿ ಎಷ್ಟು, ಮತ್ತು ಅದು ಕರಾರಿನ ತಾರೀಖಿನಿಂದ ಶುರುವೋ ಸ್ವಾಧೀನ ಕೊಟ್ಟ ದಿನದಿಂದಲೋ. ಎಷ್ಟು ವರ್ಷದೊಳಗೆ ಕಟ್ಟಡ ಕಟ್ಟಬೇಕಿತ್ತು. ವಾಸಕ್ಕೆ ಮಾತ್ರವೋ ಬೇರೆ ಬಳಕೆಗೂ ಅವಕಾಶವಿದೆಯೋ. ಪರಭಾರೆಗೆ, ಅಂದರೆ ಬೇರೆಯವರಿಗೆ ಮಾರಲು ಕೊಡಲು, ಇರುವ ನಿರ್ಬಂಧ ಏನು. ಕಡತ ನಿಲ್ಲುವುದು ಬಹುಪಾಲು ಈ ನಾಲ್ಕರಲ್ಲಿ ಒಂದರ ಮೇಲೆ. ಖಾಲಿ ಸೈಟು ಹಾಗೇ ಬಿಟ್ಟಿದ್ದರೆ ದಂಡದ ಪ್ರಶ್ನೆ ಬರುತ್ತದೆ. ಮುಂದೆ ಎರಡು ಅಂಗಡಿ ಇಳಿಸಿದ್ದರೆ ಬಳಕೆಯ ಷರತ್ತು ಮೀರಿದ ಪ್ರಶ್ನೆ ಬರುತ್ತದೆ. ಸ್ಥಳ ತನಿಖೆಗೆ ಬಂದವರು ಹೇಗೂ ನೋಡುತ್ತಾರೆ. ಮುಚ್ಚಿಡುವ ಬದಲು ನಿಯಮದ ಪ್ರಕಾರ ಎಷ್ಟು ದಂಡ ಎಂದು ಬೇಡಿಕೆ ಪತ್ರವನ್ನೇ ಕೇಳಿ ಪಡೆದು, ಚಲನ್ ಮೂಲಕ ಕಟ್ಟಿ. ಬರವಣಿಗೆಯಲ್ಲಿಲ್ಲದ ಮೊತ್ತವನ್ನು ಯಾರ ಕೈಗೂ ಕೊಡಬೇಡಿ. ರಸೀದಿಯಿಲ್ಲದ ಹಣ ಕಡತದಲ್ಲಿ ಕಟ್ಟಿದ ಹಾಗೆ ಆಗುವುದಿಲ್ಲ, ಮುಂದೆ ಅದೇ ಬಾಕಿಯನ್ನು ಮತ್ತೆ ಕೇಳುತ್ತಾರೆ.

ಅರ್ಜಿಯ ಜೊತೆ ಬೇಕಾಗುವ ಕಾಗದಗಳು: ಹಂಚಿಕೆ ಪತ್ರ, ನೋಂದಾಯಿತ ಲೀಸ್ ಕಂ ಸೇಲ್ ಕರಾರು, ಸ್ವಾಧೀನ ಪತ್ರ, ನಿವೇಶನದ ಬೆಲೆಯನ್ನು ಕಂತಿನಲ್ಲಿ ಕಟ್ಟಿದ ಎಲ್ಲಾ ಚಲನ್‌ಗಳು, ಗುತ್ತಿಗೆ ಬಾಡಿಗೆ ಕಟ್ಟಿದ ರಸೀದಿ, ಕಟ್ಟಡ ಪರವಾನಗಿ ಮತ್ತು ಮಂಜೂರಾದ ನಕ್ಷೆ, ಚಾಲ್ತಿ ವರ್ಷದವರೆಗಿನ ಕಂದಾಯ ರಸೀದಿ, ಕರಾರಿನ ತಾರೀಖಿನಿಂದ ಇವತ್ತಿನವರೆಗಿನ ಇಸಿ (ಋಣಭಾರ ಪ್ರಮಾಣಪತ್ರ), ಮನೆ ಕಾಣುವ ಫೋಟೊ, ಆಧಾರ್, ಪ್ಯಾನ್. ಗುತ್ತಿಗೆ ಬಾಡಿಗೆ ವರ್ಷಕ್ಕೆ ಪುಡಿಗಾಸು, ಹಾಗಾಗಿ ಜನ ಮರೆತೇಬಿಟ್ಟಿರುತ್ತಾರೆ. ಅದು ಬಾಕಿ ಇದ್ದರೆ ನಾ-ಬಾಕಿ ಪತ್ರ ಬರುವುದಿಲ್ಲ. ಕಂತಿನ ಚಲನ್‌ಗಳಲ್ಲಿ ಒಂದು ಕಳೆದಿದ್ದರೂ ಗಾಬರಿ ಬೇಡ. ಪ್ರಾಧಿಕಾರದ ಲೆಕ್ಕ ಶಾಖೆಯ ವಹಿಯಲ್ಲಿ ಅದರ ನಮೂದು ಇರಬೇಕು, ಅದರ ದೃಢೀಕೃತ ಪ್ರತಿ ಕೇಳಿ.

ಮೂಲ ಕರಾರೇ ಕಳೆದಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಹಿಂಬರಹ ಪಡೆಯಿರಿ, ಪತ್ರಿಕೆಯಲ್ಲಿ ಪ್ರಕಟಣೆ ಕೊಡಿ, ಅಫಿಡವಿಟ್ ಮಾಡಿಸಿ, ಉಪನೋಂದಣಾಧಿಕಾರಿ ಕಚೇರಿಯಿಂದ ದೃಢೀಕೃತ ನಕಲು ತೆಗೆಸಿ. ಮೂಲ ಕರಾರು ಸಾಲಕ್ಕಾಗಿ ಬ್ಯಾಂಕಿನಲ್ಲಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಬೇಕು. ಸಾಲ ತೀರಿ ವರ್ಷಗಳಾದರೂ ಇಸಿಯಲ್ಲಿ ಅಡಮಾನ ಹಾಗೇ ಉಳಿದಿರುವುದು ಬಹಳ ಕಡೆ ಕಾಣುತ್ತದೆ. ಅಡಮಾನ ನೋಂದಣಿಯಾಗಿದ್ದರೆ ಅದರ ಬಿಡುಗಡೆಯೂ ನೋಂದಣಿಯಾಗಬೇಕು, ಬ್ಯಾಂಕು ಕೊಟ್ಟ ‘ಸಾಲ ಚುಕ್ತಾ’ ಕಾಗದ ಇಸಿಯನ್ನು ಬದಲಿಸುವುದಿಲ್ಲ. 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿರ್ದೇಶನದಂತೆ, ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರಗಳನ್ನು ವಾಪಸು ಕೊಟ್ಟು ದಾಖಲಾದ ಅಡಮಾನ ತೆಗೆಸಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಮ್ಯಾನೇಜರಿಗೆ ಬರೆಯುವ ಪತ್ರದಲ್ಲಿ ಈ ಸಾಲನ್ನು ಸೇರಿಸಿ.

ಅಳತೆಯ ವಿಷಯವನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಹೊರನೋಟಕ್ಕೆ ಸಣ್ಣದಾದ ಈ ತಪ್ಪು ಮುಂದೆ ಮನೆ ಮಾರುವಾಗ ಅಥವಾ ಸಾಲ ಎತ್ತುವಾಗ ದೊಡ್ಡದಾಗುತ್ತದೆ. ನಾವು ‘ಥರ್ಟಿ ಫಾರ್ಟಿ ಸೈಟು’ ಎಂದು ಹೇಳಿಬಿಡುತ್ತೇವೆ. 30 ಅಡಿಗೆ 40 ಅಡಿ ಎಂದರೆ 1,200 ಚದರ ಅಡಿ, ಅಂದರೆ 111.48 ಚದರ ಮೀಟರ್. ಆದರೆ ಬಡಾವಣೆಯ ನಕ್ಷೆಯಲ್ಲಿ ಆ ನಿವೇಶನ 9 ಮೀಟರ್‌ಗೆ 12 ಮೀಟರ್ ಇರಬಹುದು. ಅದು 108 ಚದರ ಮೀಟರ್, ಅಡಿಯಲ್ಲಿ 1,162.5. ಎರಡಕ್ಕೂ 37.5 ಚದರ ಅಡಿ ವ್ಯತ್ಯಾಸ. ಹಂಚಿಕೆ ಪತ್ರದಲ್ಲಿ ಮೀಟರು, ಕಟ್ಟಡ ಪರವಾನಗಿಯಲ್ಲಿ ಅಡಿ, ಖಾತೆಯಲ್ಲಿ ಯಾರೋ ದುಂಡಗೆ ಮಾಡಿದ ಅಂಕಿ, ಹೀಗೆ ಮೂರು ಕಾಗದದಲ್ಲಿ ಮೂರು ಅಳತೆ ಕಂಡಾಗ ಬ್ಯಾಂಕಿನ ವಕೀಲರು ಪೆನ್ನು ಕೆಳಗಿಡುತ್ತಾರೆ. ಕ್ರಯಪತ್ರದಲ್ಲಿ ಬರಬೇಕಾದದ್ದು ಅನುಮೋದಿತ ಬಡಾವಣೆ ನಕ್ಷೆಯ ಅಳತೆ. ಮೀಟರಿನಲ್ಲಿ ಬರೆದು ಪಕ್ಕದಲ್ಲಿ ಸರಿಯಾಗಿ ಪರಿವರ್ತಿಸಿದ ಚದರ ಅಡಿ ಬರೆಸಿ.

ಸೈಟು ಚೌಕವಾಗಿಲ್ಲದಿದ್ದರೆ ನಾಲ್ಕೂ ಬದಿಯ ಅಳತೆ ಬೇರೆ ಬೇರೆಯಾಗಿ ಬರಬೇಕು. ಉತ್ತರದ ಬದಿ 9 ಮೀಟರ್, ದಕ್ಷಿಣದ ಬದಿ 10.2 ಮೀಟರ್, ಪೂರ್ವ-ಪಶ್ಚಿಮದ ಬದಿಗಳು 12 ಎಂದಿದ್ದರೆ ಎರಡರ ಸರಾಸರಿ 9.6, ವಿಸ್ತೀರ್ಣ 115.2 ಚದರ ಮೀಟರ್ ಆಸುಪಾಸು. ಕರಡಿನಲ್ಲಿ ‘9 x 12’ ಎಂದಷ್ಟೇ ಟೈಪಾಗಿದ್ದರೆ 7.2 ಚದರ ಮೀಟರ್ ಜಾಗ ಕಾಗದದಲ್ಲಿ ಇಲ್ಲವಾಯಿತು. ಅಳತೆಪಟ್ಟಿ ಹಿಡಿದು ನೀವೇ ಒಮ್ಮೆ ಅಳೆಯಿರಿ. ಕಾಂಪೌಂಡು ನಕ್ಷೆಗಿಂತ ಆಚೆ ಹೋಗಿದ್ದರೆ, ರಸ್ತೆ ಬದಿಯ ತುಂಡು ಜಾಗ ಸೇರಿಸಿಕೊಂಡಿದ್ದರೆ, ತನಿಖೆಗೆ ಮುಂಚೆ ಗೊತ್ತಿರುವುದು ಒಳ್ಳೆಯದು.

ಚೆಕ್ಕುಬಂದಿಯಲ್ಲೂ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರದಲ್ಲೂ, ಹಾಗೇ. ಕೆಲವರು ಕರಡು ತಿದ್ದುವಾಗ ‘ಪಶ್ಚಿಮಕ್ಕೆ ಪಕ್ಕದ ಮನೆಯವರ ಹೆಸರು’ ಬರೆಸುತ್ತಾರೆ. ಆ ಮನೆ ಮೂರು ಕೈ ಬದಲಾದ ಮೇಲೆ ಆ ಹೆಸರು ಯಾರದೆಂದು ಯಾರಿಗೂ ತಿಳಿಯದು. ಹಂಚಿಕೆ ಪತ್ರದಲ್ಲಿ ಇರುವಂತೆ ನಿವೇಶನ ಸಂಖ್ಯೆ ಮತ್ತು ರಸ್ತೆಯ ಅಗಲವೇ ಇರಲಿ. ಬಡಾವಣೆಯ ಹಂತ, ಬ್ಲಾಕು, ಜಮೀನಿನ ಮೂಲ ಸರ್ವೆ ನಂಬರು ಮೂರನ್ನೂ ತಾಳೆ ನೋಡಿ. ಒಂದೇ ಬಡಾವಣೆಯ ಎರಡು ಹಂತದಲ್ಲಿ ಒಂದೇ ನಿವೇಶನ ಸಂಖ್ಯೆ ಇರುವುದುಂಟು. ನೋಂದಣಿಯಾದ ಮೇಲೆ ತಪ್ಪು ಕಂಡರೆ ತಿದ್ದುಪಡಿ ಪತ್ರ ಮಾಡಿಸಬೇಕು, ಅದಕ್ಕೂ ಪ್ರಾಧಿಕಾರದವರೇ ಸಹಿ ಹಾಕಬೇಕು. ಅಂದರೆ ಕಡತ ಮತ್ತೆ ಮೊದಲ ಮೇಜಿನಿಂದ ಶುರು.

ಹೆಸರು ಕೂಡ ಗೋಳು ಹುಯ್ಯುವ ವಿಷಯ. ಹಂಚಿಕೆಯಲ್ಲಿ ‘ಹಾಲಪ್ಪ ಕೆ.’, ಆಧಾರ್‌ನಲ್ಲಿ ‘ಕೆ. ಹಾಲೇಶಪ್ಪ’ ಎಂದಿದ್ದರೆ ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಮೊದಲೇ ಮಾಡಿಸಿ, ಕ್ರಯಪತ್ರದಲ್ಲಿ ‘ಉರುಫ್’ ಹಾಕಿ ಎರಡೂ ಹೆಸರು ಬರೆಸಿ.

ಅರ್ಜಿಯನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಖು, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಕೇಸ್ ವರ್ಕರ್ ಕೈಗೆ ನೇರವಾಗಿ ಕೊಟ್ಟು ಬಂದರೆ ಅರ್ಜಿ ಕೊಟ್ಟದ್ದಕ್ಕೇ ಸಾಕ್ಷಿಯಿಲ್ಲ. ಅಲ್ಲಿಂದ ಕಡತ ಸೈಟು ಶಾಖೆ, ಲೆಕ್ಕ ಶಾಖೆ, ಸ್ಥಳ ತನಿಖೆಗೆ ಎಂಜಿನಿಯರ್, ಕೊನೆಗೆ ಆಯುಕ್ತರ ಮೇಜು, ಹೀಗೆ ಸಾಗುತ್ತದೆ. ತಿಂಗಳುಗಟ್ಟಲೆ ಅಲ್ಲಾಡದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ, ‘ನನ್ನ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ ಕೊಡಿ’ ಎಂದು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ‘ಯಾಕೆ ತಡ’ ಎಂದು ಕೇಳಬೇಡಿ, ಅದಕ್ಕೆ ಹಾರಿಕೆಯ ಉತ್ತರ ಬರುತ್ತದೆ. ಟಿಪ್ಪಣಿ ಹಾಳೆಯಲ್ಲಾದರೆ ಯಾವ ಮೇಜಿನಲ್ಲಿ, ಯಾವ ಕಾಗದ ಇಲ್ಲವೆಂದು ನಿಂತಿದೆ ಎಂಬುದು ತಾರೀಖಿನ ಸಮೇತ ಕಾಣುತ್ತದೆ. ಕ್ರಯಪತ್ರ ಕೊಡುವುದಿಲ್ಲ ಎಂದು ಬರವಣಿಗೆಯಲ್ಲಿ ನಿರಾಕರಿಸಿದರೆ ಕೈಕಟ್ಟಿ ಕೂರಬೇಡಿ. ಕರಾರಿನಲ್ಲಿ ದಿನ ನಿಗದಿಯಾಗಿಲ್ಲದಿದ್ದರೆ, ಕರಾರು ಜಾರಿಯ ದಾವೆಗೆ ನಿರಾಕರಣೆ ತಿಳಿದ ದಿನದಿಂದ ಮೂರು ವರ್ಷದ ಕಾಲಮಿತಿ. ಕೂಡಲೇ ವಕೀಲರನ್ನು ಕಾಣಿ.

ಖರ್ಚಿನ ಲೆಕ್ಕ ಹೀಗಿದೆ. ಕರ್ನಾಟಕದಲ್ಲಿ ಕ್ರಯಪತ್ರಕ್ಕೆ ಮುದ್ರಾಂಕ ಶುಲ್ಕ ಶೇ 5. ಆ ಶುಲ್ಕದ ಮೇಲೆ ಶೇ 10 ಸೆಸ್, ನಗರ ಪ್ರದೇಶದಲ್ಲಿ ಶೇ 2 ಸರ್‌ಚಾರ್ಜ್. ಎಲ್ಲಾ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಶಾಸನಬದ್ಧ ಪ್ರಾಧಿಕಾರವೇ ಬರೆದುಕೊಡುವ ಪತ್ರದಲ್ಲಿ ಲೆಕ್ಕಕ್ಕೆ ಬರುವುದು ಪತ್ರದಲ್ಲಿ ತೋರಿಸಿದ ಬೆಲೆ, ಸರ್ಕಾರ ಗೊತ್ತುಮಾಡಿದ ಇವತ್ತಿನ ಮಾರ್ಗಸೂಚಿ ದರವಲ್ಲ. ನಿವೇಶನದ ಬೆಲೆ 1,50,000 ರೂಪಾಯಿ ಎಂದಿಟ್ಟುಕೊಳ್ಳಿ: ಮುದ್ರಾಂಕ 7,500, ಸೆಸ್ 750, ಸರ್‌ಚಾರ್ಜ್ 150, ನೋಂದಣಿ 3,000, ಒಟ್ಟು 11,400. ಯಾರಾದರೂ ವಿದ್ಯಾನಗರದ ಇವತ್ತಿನ ರೇಟಿಗೆ ಲೆಕ್ಕ ಹಾಕಿ ಹೆದರಿಸಿದರೆ, ಮೌಲ್ಯಮಾಪನದ ವಿವರವನ್ನು ಉಪನೋಂದಣಾಧಿಕಾರಿ ಕಚೇರಿಯಿಂದಲೇ ಪಡೆದು ನೋಡಿ. ಲೀಸ್ ಕಂ ಸೇಲ್ ನೋಂದಣಿಯಾದಾಗ ಕಟ್ಟಿದ್ದ ಮುದ್ರಾಂಕದ ಮೊತ್ತ, ದಸ್ತಾವೇಜು ಸಂಖ್ಯೆ, ತಾರೀಖು ಹೊಸ ಪತ್ರದ ಪೀಠಿಕೆಯಲ್ಲೇ ಬರಲಿ. ಆಗ ಕಟ್ಟಿದ ಮೊತ್ತದ ಹೊಂದಾಣಿಕೆ ಕೇಳಲು ಅದೇ ಆಧಾರ.

ಕರಡನ್ನು ನೋಂದಣಿ ಇಲಾಖೆಯ ಜಾಲತಾಣ ಕಾವೇರಿ 2.0ರಲ್ಲಿ ಏರಿಸಿ, ಉಪನೋಂದಣಾಧಿಕಾರಿ ಪರಿಶೀಲಿಸಿದ ಮೇಲೆ ಆನ್‌ಲೈನಿನಲ್ಲೇ ಹಣ ಕಟ್ಟಿ, ದಿನ ಮತ್ತು ಸಮಯ ಗೊತ್ತು ಮಾಡಿಕೊಳ್ಳಬೇಕು. ಇಲ್ಲಿ ಆಗುವ ದೊಡ್ಡ ಅನಾಹುತ ಒಂದಿದೆ. ಪ್ರಾಧಿಕಾರದವರು ಸಹಿ ಹಾಕಿದ ಪತ್ರ ಕೈಗೆ ಬಂದೊಡನೆ ಕೆಲಸ ಮುಗಿಯಿತೆಂದು ಬೀರುವಿಗೆ ಸೇರಿಸುವವರಿದ್ದಾರೆ. ಪತ್ರಕ್ಕೆ ಸಹಿಯಾದ ದಿನದಿಂದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ತಪ್ಪಿದರೆ ಇನ್ನೂ ನಾಲ್ಕು ತಿಂಗಳು ದಂಡದೊಂದಿಗೆ ಅವಕಾಶ, ದಂಡ ನೋಂದಣಿ ಶುಲ್ಕದ ಹತ್ತು ಪಟ್ಟಿನವರೆಗೂ ಹೋಗಬಹುದು. ಅದೂ ದಾಟಿದರೆ ಆ ಪತ್ರ ಮಾಲೀಕತ್ವಕ್ಕೆ ಉಪಯೋಗವಿಲ್ಲ, ಹೊಸದಾಗಿ ಬರೆಸಬೇಕು.

ಹಂಚಿಕೆ ಪಡೆದವರು ತೀರಿಕೊಂಡಿದ್ದರೆ ದಾರಿ ಉದ್ದವಾಗುತ್ತದೆ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ ಮತ್ತು ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಪತ್ರ ತಂದು, ಮೊದಲು ಹಂಚಿಕೆಯನ್ನು ವಾರಸುದಾರರ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು. ಹಿಂದೂ ಕುಟುಂಬದಲ್ಲಿ ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರೆ, ಅವರ ಸ್ವಯಾರ್ಜಿತ ನಿವೇಶನದಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ಅವರ ತಾಯಿ ಎಲ್ಲರಿಗೂ ಸಮಪಾಲು. ಮದುವೆಯಾಗಿ ಹರಪನಹಳ್ಳಿಗೋ ಹುಬ್ಬಳ್ಳಿಗೋ ಹೋದ ಅಕ್ಕತಂಗಿಯರ ಹೆಸರನ್ನು ವಂಶವೃಕ್ಷದಲ್ಲಿ ಬಿಟ್ಟು ಕ್ರಯಪತ್ರ ಮಾಡಿಸಿದರೆ ಅದು ಅನ್ಯಾಯ, ಮುಂದೆ ವಿಭಾಗದ ದಾವೆಗೆ ದಾರಿ ಮಾಡಿಕೊಟ್ಟಂತೆ. ಅವರು ಮನಸಾರೆ ಬಿಟ್ಟುಕೊಡುವುದಾದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಆಗಲಿ. ಬಿಳಿ ಹಾಳೆಯ ಒಪ್ಪಿಗೆ ಸಾಲದು. ಹಂಚಿಕೆ ಪಡೆದ ಹಿರಿಯರು ಇನ್ನೂ ಓಡಾಡಿಕೊಂಡಿದ್ದರೆ ದಯವಿಟ್ಟು ಈ ವರ್ಷವೇ ಕೆಲಸ ಶುರು ಮಾಡಿ. ಅವರೊಬ್ಬರ ಸಹಿಯಲ್ಲಿ ಮುಗಿಯುವುದಕ್ಕೆ ಮುಂದೆ ಹದಿನೈದು ಸಹಿ ಬೇಕಾಗುತ್ತದೆ, ಅದರಲ್ಲಿ ಒಬ್ಬರು ದೇಶದಲ್ಲೇ ಇರುವುದಿಲ್ಲ.

ಗುತ್ತಿಗೆ ಅವಧಿಯಲ್ಲೇ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ), ಅಗ್ರಿಮೆಂಟು, ಉಯಿಲು ಮೂರನ್ನೂ ಬರೆಸಿಕೊಂಡು ನಿವೇಶನ ಕೊಂಡವರ ಸ್ಥಿತಿ ಇನ್ನೂ ಕಷ್ಟ. ಇಂಥ ಕಾಗದಗಳಿಂದ ಮಾಲೀಕತ್ವ ವರ್ಗಾವಣೆಯಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಬರೆದುಕೊಟ್ಟವರು ತೀರಿಕೊಂಡರೆ ಸಾಮಾನ್ಯ ಜಿಪಿಎ ಅಲ್ಲಿಗೇ ಮುಗಿಯುತ್ತದೆ. ಮೂಲ ಹಂಚಿಕೆದಾರರು ಬದುಕಿದ್ದಾಗಲೇ ಅವರ ಹೆಸರಿಗೆ ಶುದ್ಧ ಕ್ರಯಪತ್ರ ಮಾಡಿಸಿ, ನಂತರ ಅವರಿಂದ ನಿಮ್ಮ ಹೆಸರಿಗೆ ಇನ್ನೊಂದು ಕ್ರಯಪತ್ರ ಮಾಡಿಸಿಕೊಳ್ಳುವುದೇ ನೇರ ದಾರಿ. ಆ ಎರಡನೆಯ ಪತ್ರಕ್ಕೆ ಮಾರ್ಗಸೂಚಿ ದರದ ಮೇಲೆ ಶುಲ್ಕ ಬೀಳುತ್ತದೆ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಕರೂರು ಕೈಗಾರಿಕಾ ಪ್ರದೇಶದಂಥ ಕಡೆ ಪ್ಲಾಟು ಇರುವವರಿಗೆ ಎರಡು ಮಾತು. ಅಲ್ಲಿ ಹಂಚಿಕೆಯ ಬೆಲೆ ತಾತ್ಕಾಲಿಕ. ಜಮೀನು ಕೊಟ್ಟ ರೈತರಿಗೆ ಕೋರ್ಟು ಹೆಚ್ಚುವರಿ ಪರಿಹಾರ ಕೊಡಿಸಿದರೆ ಅದು ಅಂತಿಮ ದರ ನಿಗದಿಯಲ್ಲಿ ಸೇರಿ ನಿಮ್ಮ ತಲೆಗೆ ಬರುತ್ತದೆ. ಅದು ಚುಕ್ತಾ ಆಗದೆ ಕ್ರಯಪತ್ರವಿಲ್ಲ. ಹಾಗೇ ಅಪ್ಪನ ಒಬ್ಬಂಟಿ ಸಂಸ್ಥೆ ಪಾಲುದಾರಿಕೆಯಾಗಿ, ಆಮೇಲೆ ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಪ್ರತಿ ಬದಲಾವಣೆಗೂ ಮಂಡಳಿಯ ಒಪ್ಪಿಗೆ ಪಡೆದಿರಬೇಕು. ಜಿಎಸ್‌ಟಿಯಲ್ಲಿ ಹೆಸರು ಬದಲಾದ ಮಾತ್ರಕ್ಕೆ ಹಂಚಿಕೆ ಬದಲಾಗಿಲ್ಲ. ಉತ್ಪಾದನೆ ನಡೆಯುತ್ತಿದೆ ಎಂಬುದಕ್ಕೆ ವಿದ್ಯುತ್ ಬಿಲ್ಲು, ಜಿಎಸ್‌ಟಿ ರಿಟರ್ನು ಜೋಡಿಸಿಡಿ.

ನೋಂದಣಿ ಮುಗಿದ ಮೇಲೆ ಕ್ರಯಪತ್ರದ ಪ್ರತಿಯನ್ನು ಖಾತೆ ಇರುವ ಕಚೇರಿಗೆ ಕೊಡಬೇಕು. ಬಡಾವಣೆ ಪಾಲಿಕೆಗೆ ಹಸ್ತಾಂತರವಾಗಿದ್ದರೆ ಪಾಲಿಕೆಗೆ, ಆಗಿಲ್ಲದಿದ್ದರೆ ಪ್ರಾಧಿಕಾರಕ್ಕೇ. ಇ-ಖಾತೆಯಲ್ಲಿ ಅಳತೆ, ಚೆಕ್ಕುಬಂದಿ, ಹೆಸರು ಕ್ರಯಪತ್ರದಂತೆಯೇ ಬಂದಿದೆಯೇ ಎಂದು ಅಂತಿಮಗೊಳಿಸುವ ಮುಂಚೆ ಕರಡಿನಲ್ಲೇ ನೋಡಿ. ಹದಿನೈದು ದಿನ ಬಿಟ್ಟು ಹೊಸ ಇಸಿ ತೆಗೆಸಿ. ಇಸಿಯ ನಮೂನೆ 15ರಲ್ಲಿ ಪ್ರಾಧಿಕಾರ ಬರೆದುಕೊಟ್ಟವರು, ನೀವು ಬರೆಸಿಕೊಂಡವರು ಎಂದು ಹೊಸ ದಸ್ತಾವೇಜಿನ ನಮೂದು ಇರಬೇಕು. ಅಲ್ಲಿ ನಿವೇಶನ ಸಂಖ್ಯೆ ಅಥವಾ ಬಡಾವಣೆಯ ಹೆಸರು ತಪ್ಪಾಗಿ ಕೂತಿದ್ದರೆ ಮುಂದೆ ಯಾರು ಹುಡುಕಿದರೂ ನಿಮ್ಮ ಪತ್ರ ಸಿಗುವುದಿಲ್ಲ, ಹಾಗಾಗಿ ಅದೇ ವಾರ ಉಪನೋಂದಣಾಧಿಕಾರಿಗೆ ತಿದ್ದುಪಡಿ ಅರ್ಜಿ ಕೊಡಿ. ಹಳೆಯ ಲೀಸ್ ಕಂ ಸೇಲ್ ಕರಾರನ್ನು ಎಸೆಯಬೇಡಿ. ಹಂಚಿಕೆ ಪತ್ರ, ಸ್ವಾಧೀನ ಪತ್ರದ ಜೊತೆ ಅದನ್ನೂ ಕ್ರಯಪತ್ರದ ಹಿಂದೆಯೇ ಸೇರಿಸಿಡಿ, ಬ್ಯಾಂಕಿನ ವಕೀಲರು ಮೊದಲು ಕೇಳುವುದು ಆ ಮೂಲ ಪತ್ರಗಳನ್ನೇ.